ಸೊಂಟನೋವಿಗೆ ವಿಆರ್: ಪರದೆಯೊಳಗಿನ ಪಾಠ ಯಾವ ಭಾಷೆಯಲ್ಲಿದೆ?

ಪುಣೆಯ ಬಾಣೇರ್‌ನ ಒಂದು ನೋವು ಚಿಕಿತ್ಸಾ ಕ್ಲಿನಿಕ್ಕಿನಲ್ಲಿ ನಮ್ಮ ಅತ್ತೆಯ ತಲೆಗೆ ವಿಆರ್ ಹೆಡ್‌ಸೆಟ್, ಅಂದರೆ ಕಣ್ಣ ಮುಂದೆ ಬೇರೊಂದು ಲೋಕವನ್ನೇ ತೋರಿಸುವ ವರ್ಚುವಲ್ ರಿಯಾಲಿಟಿ ಸಾಧನವನ್ನು ಕಟ್ಟುವುದರಲ್ಲೇ ಹತ್ತು ನಿಮಿಷ ಹೋಯಿತು. ಹಿಂದಿನ ಪಟ್ಟಿ ತುರುಬಿನ ಮೇಲೆ ನಿಲ್ಲಲಿಲ್ಲ. ತುರುಬು ಬಿಚ್ಚಿ ಜಡೆ ಹೆಣೆದದ್ದಾಯಿತು. ಕನ್ನಡಕ ತೆಗೆದರೆ ಏನೂ ಕಾಣದು, ಹಾಕಿಕೊಂಡರೆ ಮೂಗು ಒತ್ತುತ್ತದೆ. ಹೇಗೋ ಹೊಂದಿಸಿ ಕೂರಿಸಿದರು. ಮುಂದಿನ ಕಾಲು ಗಂಟೆ ಅವರು ಕುರ್ಚಿಯಲ್ಲಿ ಕುಳಿತು ತಲೆಯನ್ನು ಅತ್ತಿತ್ತ ತಿರುಗಿಸಿದರು, ಒಮ್ಮೆ ಕೈ ಚಾಚಿ ಗಾಳಿಯಲ್ಲಿ ಏನನ್ನೋ ಮುಟ್ಟಲು ನೋಡಿದರು. ಹೊರಗೆ ಬಂದ ಮೇಲೆ ಹೇಗಿತ್ತು ಎಂದು ಕೇಳಿದೆ.

‘ಬೆಟ್ಟ, ಹೊಳೆ ಎಲ್ಲ ಬಹಳ ಚೆಂದ ಇದ್ದವು. ಒಬ್ಬಾಕೆ ಒಂದೇ ಸಮನೆ ಮಾತನಾಡುತ್ತಿದ್ದಳು. ಏನು ಹೇಳಿದಳೋ ತಿಳಿಯಲಿಲ್ಲ. ತಿಳಿದವಳ ಹಾಗೆ ತಲೆ ಆಡಿಸಿದೆ’ ಎಂದರು.

ಜಮಖಂಡಿಯವರಾದ ಅವರು ಮೊಮ್ಮಗನನ್ನು ನೋಡಿಕೊಳ್ಳಲು ಪುಣೆಗೆ ಬಂದು ನಾಲ್ಕು ವರ್ಷವಾಯಿತು. ಟೊಂಕ ಹಿಡಿದುಕೊಂಡು ಮೂರು ವರ್ಷ. ಈ ಮೂರು ವರ್ಷಗಳಲ್ಲಿ ಮಾತ್ರೆ, ಮುಲಾಮು, ಸೊಂಟದ ಬೆಲ್ಟ್, ಕರೆಂಟ್ ಕೊಡುವ ಯಂತ್ರ, ಒಂದು ಎಂಆರ್‌ಐ, ಊರಿನಿಂದ ತರಿಸಿದ ಎಣ್ಣೆ ಎಲ್ಲವೂ ಆಗಿವೆ. ಇದು ಕೊನೆಗೆ ಬಂದದ್ದು. ಅಂದು ಮನೆಗೆ ಹಿಂತಿರುಗುವಾಗ ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಆ ಪೆಟ್ಟಿಗೆಯಲ್ಲಿ ನೋವನ್ನು ತಗ್ಗಿಸುವುದು ಯಾವುದು? ಬೆಟ್ಟ ಹೊಳೆಯೋ, ಅತ್ತೆಗೆ ತಿಳಿಯದೆ ಹೋದ ಆ ಮಾತುಗಳೋ? ಇದಕ್ಕೆ ಉತ್ತರ ಸಿಗದೆ ವಿಆರ್ ಚಿಕಿತ್ಸೆ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ.

ವರ್ಚುವಲ್ ರಿಯಾಲಿಟಿ ನೋವಿನ ಚಿಕಿತ್ಸೆಗೆ ಬಂದದ್ದು ಸುಟ್ಟಗಾಯಗಳ ವಾರ್ಡಿನಿಂದ. ಸುಟ್ಟ ಚರ್ಮದ ಮೇಲಿನ ಪಟ್ಟಿ ಬಿಚ್ಚಿ ಗಾಯವನ್ನು ಉಜ್ಜಿ ತೊಳೆಯುವಾಗ ಆಗುವ ಯಾತನೆ ಎಷ್ಟೋ ಸಲ ಮಾರ್ಫಿನ್‌ಗೂ ಬಗ್ಗುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1990ರ ದಶಕದ ಕೊನೆಯಲ್ಲಿ ಇಂಥ ರೋಗಿಗಳ ಕಣ್ಣಿಗೆ ವಿಆರ್ ಕಟ್ಟಿ ನೋಡಿದರು. ಮುಂದೆ ಅವರು ಇದಕ್ಕೆಂದೇ ‘ಸ್ನೋವರ್ಲ್ಡ್’ ಎಂಬ ಹಿಮದ ಲೋಕವನ್ನು ಕಟ್ಟಿಸಿದರು. ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತಾ ಪೆಂಗ್ವಿನ್‌ಗಳತ್ತ ಹಿಮದ ಉಂಡೆ ಎಸೆಯುತ್ತಾನೆ, ನರ್ಸ್ ಅಷ್ಟರಲ್ಲಿ ಗಾಯ ತೊಳೆಯುತ್ತಾಳೆ. 2004ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಬಿಸಿ ಮುಟ್ಟಿಸಿ ಮಿದುಳಿನ ಸ್ಕ್ಯಾನ್ ಮಾಡಿದಾಗ, ನೋವಿಗೆ ಸಂಬಂಧಿಸಿದ ಐದು ಭಾಗಗಳ ಚಟುವಟಿಕೆಯೇ ವಿಆರ್ ವೇಳೆ ಗಣನೀಯವಾಗಿ ಇಳಿದಿತ್ತು. ಅಂದರೆ ಅವರು ನೋವನ್ನು ಅದುಮಿಕೊಂಡು ಕಡಿಮೆ ಎಂದು ಹೇಳಿದ್ದಲ್ಲ, ಮಿದುಳಿಗೆ ಆದ ನೋವೇ ಕಡಿಮೆ.

ಇದರ ಹಿಂದಿನ ಉಪಾಯವನ್ನು ನಮ್ಮ ಅಜ್ಜಿಯರು ಯಾವ ಯಂತ್ರವೂ ಇಲ್ಲದೆ ಮಾಡುತ್ತಿದ್ದರು. ಮಗುವಿನ ತೊಡೆಗೆ ಸೂಜಿ ಚುಚ್ಚುವ ಹೊತ್ತಿಗೆ ಸರಿಯಾಗಿ ‘ಅಗೋ ನೋಡು ಕಾಗೆ’ ಎನ್ನುತ್ತಿದ್ದರು. ಮಿದುಳಿನ ಗಮನಕ್ಕೆ ಮಿತಿಯಿದೆ. ಕಾಗೆಗೆ ಕೊಟ್ಟ ಗಮನ ಸೂಜಿಯ ಪಾಲಿನಿಂದ ಕಡಿತವಾಗುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ‘ಗೇಟ್’ ಸಿದ್ಧಾಂತ ಇದಕ್ಕೆ ಶಾಸ್ತ್ರದ ಬಲ ಕೊಟ್ಟಿತು. ದೇಹದಿಂದ ಮೇಲೇರುವ ಸಂಕೇತಗಳಿಗೆ ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ, ಅದನ್ನು ಎಷ್ಟು ತೆರೆಯಬೇಕೆಂಬುದರಲ್ಲಿ ಮಿದುಳಿನ ಮಾತೂ ನಡೆಯುತ್ತದೆ ಎಂಬುದು ಅದರ ತಿರುಳು. ಸಿದ್ಧಾಂತದ ವಿವರಗಳು ಆಮೇಲೆ ಬದಲಾಗಿವೆ, ತಿರುಳು ಉಳಿದಿದೆ.

ಆದರೆ ಕಾಗೆ ಎಷ್ಟು ಹೊತ್ತು ಕೂರುತ್ತದೆ? ಗಾಯ ತೊಳೆಯಲು ಅರ್ಧ ಗಂಟೆ ಸಾಕು. ಸೊಂಟನೋವು ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಶುರುವಾಗಿ ರಾತ್ರಿ ಮಗ್ಗುಲು ಬದಲಿಸುವಾಗಲೂ ಇರುತ್ತದೆ. ಹಿಮ ತೋರಿಸಿ ಮೂರು ವರ್ಷದ ನೋವನ್ನು ಮರೆಸಲಾಗದು. ಮೂರು ತಿಂಗಳಿಗೂ ಮೀರಿ ಉಳಿದ ಅಥವಾ ಮರಳಿ ಮರಳಿ ಬರುವ ನೋವನ್ನು ವೈದ್ಯಲೋಕ ದೀರ್ಘಕಾಲಿಕ ನೋವು ಎಂದು ಕರೆಯುತ್ತದೆ. ಇದು ಬೇರೆಯದೇ ಜಾತಿಯದು. ವಿಆರ್ ಮಾರುವವರ ಪ್ರಚಾರದಲ್ಲಿ ಈ ಎರಡೂ ಕಲಸಿ ಹೋಗುತ್ತವೆ. ಸುಟ್ಟಗಾಯದ ವಾರ್ಡಿನ ಯಶಸ್ಸನ್ನು ತೋರಿಸಿ ಸೊಂಟನೋವಿನ ಪ್ಯಾಕೇಜ್ ಮಾರುತ್ತಾರೆ.

ಪುಣೆಯಲ್ಲಿ ಸೊಂಟನೋವಿನವರ ಬಾಯಲ್ಲಿ ನೀವು ಹೆಚ್ಚಾಗಿ ಕೇಳುವ ಮಾತು ‘ಮಣಕ್ಯಾತ ಗ್ಯಾಪ್ ಆಹೆ’. ಮರಾಠಿಯ ಮಣಕಾ ಎಂದರೆ ಬೆನ್ನುಮೂಳೆಯ ಮಣಿ. ಮಣಿಗಳ ನಡುವೆ ಸಂದಿ ಬಿದ್ದಿದೆ, ಗ್ಯಾಪ್ ಆಗಿದೆ. ಐಟಿ ಕಂಪನಿಗಳ ಹಿಂಜವಡಿಯ ಎಂಜಿನಿಯರ್ ಇದನ್ನೇ ಹೇಳುತ್ತಾನೆ, ಕಟ್ಟಡದ ಮೇಲೆ ಇಟ್ಟಿಗೆ ಹೊರುವ ಕಲಬುರಗಿಯವನೂ ಇದನ್ನೇ ಹೇಳುತ್ತಾನೆ, ಅತ್ತೆಯೂ ಫೋನಿನಲ್ಲಿ ಜಮಖಂಡಿಯ ತಂಗಿಗೆ ‘ಗ್ಯಾಪ್ ಬಿದ್ದಿದೆಯಂತೆ’ ಎಂದು ವರದಿ ಮಾಡಿದರು. ಈ ಮಾತು ಕೇಳಿದವರ ಕಣ್ಣ ಮುಂದೆ ಬರುವುದು ಬಿರುಕು ಬಿಟ್ಟ ಕಂಬ. ಬಗ್ಗಿದರೆ ಕಂಬ ಮುರಿಯುತ್ತದೆ. ವಾಸ್ತವ ಬಹುಮಟ್ಟಿಗೆ ಇದರ ತಿರುವುಮುರುವು. ವಯಸ್ಸಾದಂತೆ ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕ್ ನೀರು ಕಳೆದುಕೊಂಡು ತೆಳುವಾಗುತ್ತದೆ, ಸಂದಿ ಕಿರಿದಾಗುತ್ತದೆ. ಇದು ಕೂದಲು ನರೆಯುವಷ್ಟೇ ಸಹಜ. ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ವಿಮರ್ಶೆಯ ಪ್ರಕಾರ ಇಪ್ಪತ್ತರ ಹರೆಯದಲ್ಲೇ ಶೇ 37 ಮಂದಿಯಲ್ಲಿ ಡಿಸ್ಕ್ ಸವೆತ ಕಾಣುತ್ತದೆ, ಎಂಬತ್ತರಲ್ಲಿ ಶೇ 96 ಮಂದಿಯಲ್ಲಿ. ಇವರಾರಿಗೂ ಸೊಂಟ ನೋಯುತ್ತಿರಲಿಲ್ಲ ಎಂಬುದನ್ನು ಮರೆಯಬೇಡಿ.

ಹಾಗಾದರೆ ಅತ್ತೆಯ ನೋವು ಸುಳ್ಳೇ? ಖಂಡಿತ ಸುಳ್ಳಲ್ಲ. ಕಳ್ಳ ಬಂದ ರಾತ್ರಿ ಬೊಗಳಿದ ನಾಯಿಯನ್ನು ನೆನೆಯಿರಿ. ಮರುದಿನದಿಂದ ಅದು ಹಾಲಿನವನಿಗೂ ಬೊಗಳುತ್ತದೆ, ಪೇಪರಿನವನಿಗೂ ಬೊಗಳುತ್ತದೆ, ಗೇಟು ಗಾಳಿಗೆ ಅಲುಗಿದರೂ ಬೊಗಳುತ್ತದೆ. ಬೊಗಳುವುದು ನಿಜ, ಮನೆಯವರ ನಿದ್ದೆ ಕೆಡುವುದೂ ನಿಜ. ಕಳ್ಳ ಮಾತ್ರ ಹೋಗಿ ಬಹಳ ಕಾಲವಾಯಿತು. ನರವ್ಯೂಹ ಹೀಗೆ ಅತಿ ಎಚ್ಚರಕ್ಕೆ ಬೀಳುವುದನ್ನು ಬೆನ್ನುಹುರಿಯ ಮಟ್ಟದಲ್ಲಿ 1983ರಲ್ಲೇ ಕ್ಲಿಫರ್ಡ್ ವೂಲ್ಫ್ ತೋರಿಸಿದ್ದರು. ಅದಕ್ಕೆ ‘ಗ್ಯಾಪ್’ ಎಂಬ ಪದ ಸೇರಿದರೆ ನಾಯಿಗೆ ಇನ್ನಷ್ಟು ಹುರುಪು. ರೋಗಿ ಬಗ್ಗುವುದನ್ನು ಬಿಡುತ್ತಾನೆ, ನೆಲದ ಮೇಲೆ ಕೂರುವುದನ್ನು ಬಿಡುತ್ತಾನೆ, ಸ್ನಾಯು ಸೊರಗುತ್ತದೆ, ಆಮೇಲೆ ಎಂದೋ ಅನಿವಾರ್ಯವಾಗಿ ಬಗ್ಗಿದಾಗ ಚಳಕು ಹೊಡೆಯುತ್ತದೆ. ‘ನೋಡಿದೆಯಾ, ಹೇಳಿರಲಿಲ್ಲವೇ’ ಎಂದು ಭಯ ಗಟ್ಟಿಯಾಗುತ್ತದೆ. ಡಾಕ್ಟರ ಕೋಣೆಯಲ್ಲಿ ಅವಸರದಲ್ಲಿ ಬಿದ್ದ ಒಂದು ಪದ ಮನೆಯಲ್ಲಿ ವರ್ಷಗಟ್ಟಲೆ ಬೆಳೆಯುವ ಬಗೆ ಇದು.

ಸೊಂಟನೋವಿಗೆ ಬಂದ ವಿಆರ್ ಚಿಕಿತ್ಸೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, 2021ರ ನವೆಂಬರ್‌ನಲ್ಲಿ ಅಪ್ಲೈಡ್‌ವಿಆರ್ ಎಂಬ ಕಂಪನಿಯ ‘ಈಸ್‌ವಿಆರ್‌ಎಕ್ಸ್’ಗೆ ಒಪ್ಪಿಗೆ ನೀಡಿತು. ಈಗ ಅದರ ಹೆಸರು ‘ರಿಲೀವ್‌ವಿಆರ್‌ಎಕ್ಸ್’. ದೀರ್ಘಕಾಲದ ಸೊಂಟನೋವಿರುವ ವಯಸ್ಕರಿಗೆ, ವೈದ್ಯರ ಚೀಟಿಯ ಮೇಲೆ, ಬೇರೆ ಚಿಕಿತ್ಸೆಗಳ ಜೊತೆಗೆ ಬಳಸಲು ಕೊಟ್ಟ ಒಪ್ಪಿಗೆ ಅದು. ಎಂಟು ವಾರ, ದಿನಕ್ಕೊಂದರಂತೆ 56 ಪಾಠಗಳು. ಒಂದೊಂದೂ 2ರಿಂದ 16 ನಿಮಿಷ. ಅದರೊಳಗೆ ಏನಿದೆ ಎಂದು ನೋಡಿದರೆ ಅಚ್ಚರಿಯಾಗುತ್ತದೆ. ನೋವು ಹೇಗೆ ಹುಟ್ಟುತ್ತದೆ ಎಂಬ ವಿವರಣೆ, ಮೈ ಸಡಿಲಿಸುವ ಅಭ್ಯಾಸ, ಗಮನವನ್ನು ಬೇಕಾದಲ್ಲಿ ನಿಲ್ಲಿಸುವ ತರಬೇತಿ, ಹೆದರಿಕೆಯ ಯೋಚನೆಗಳನ್ನು ಗುರುತಿಸುವ ಪಾಠ. ಹೆಡ್‌ಸೆಟ್ಟಿಗೆ ಸೇರಿದ ಒಂದು ಭಾಗ ಉಸಿರನ್ನು ಗ್ರಹಿಸುತ್ತದೆ, ನೀವು ಉಸಿರು ಬಿಟ್ಟಂತೆ ಪರದೆಯ ದೃಶ್ಯವೂ ಬದಲಾಗುತ್ತದೆ. ಮನೋವೈದ್ಯಕೀಯದಲ್ಲಿ ದಶಕಗಳಿಂದ ಇರುವ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯನ್ನೇ ಪೆಟ್ಟಿಗೆಗೆ ತುಂಬಿ ಮನೆಗೆ ಕಳಿಸಿದ್ದಾರೆ ಎನ್ನಬಹುದು.

ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 179 ಜನರಿದ್ದರು. ಅರ್ಧದಷ್ಟು ಮಂದಿಗೆ ಈ ಕಾರ್ಯಕ್ರಮ. ಉಳಿದವರಿಗೂ ಹೆಡ್‌ಸೆಟ್ ಕೊಟ್ಟರು, ಆದರೆ ಅದರಲ್ಲಿ ಬರೀ ಪ್ರಕೃತಿಯ ಚಪ್ಪಟೆ ವಿಡಿಯೊ. ಪಾಠವಿಲ್ಲ, ಉಸಿರಿಗೆ ಸ್ಪಂದಿಸುವ ದೃಶ್ಯವಿಲ್ಲ. ಎಂಟು ವಾರಗಳ ಕೊನೆಗೆ ಕಾರ್ಯಕ್ರಮ ಪಡೆದವರಲ್ಲಿ ಶೇ 66 ಮಂದಿಗೆ ನೋವು ಶೇ 30ಕ್ಕಿಂತ ಹೆಚ್ಚು ಇಳಿದಿತ್ತು. ಬರೀ ವಿಡಿಯೊ ನೋಡಿದವರಲ್ಲಿ ಶೇ 41 ಮಂದಿಗೆ ಇಳಿದಿತ್ತು. ನೋವು ಅರ್ಧಕ್ಕಿಂತ ಹೆಚ್ಚು ಇಳಿದವರ ಲೆಕ್ಕ ಶೇ 46 ಮತ್ತು ಶೇ 26.

ಈ ಅಂಕಿಗಳನ್ನು ಎರಡು ಸಲ ಓದಬೇಕು. ಜಾಹೀರಾತು ಶೇ 66ರಲ್ಲಿ ನಿಂತುಬಿಡುತ್ತದೆ. ನಿಜವಾಗಿ ನೋಡಬೇಕಾದ್ದು 66 ಮತ್ತು 41ರ ನಡುವಿನ ಅಂತರ. ಪಾಠ ಪಡೆದ ನಾಲ್ವರಲ್ಲಿ ಒಬ್ಬರಿಗೆ, ಬರೀ ವಿಡಿಯೊ ನೋಡಿದ್ದರೆ ಸಿಗದಿದ್ದ ಉಪಶಮನ ಸಿಕ್ಕಿದೆ. ಸೊಂಟನೋವಿನ ಚಿಕಿತ್ಸೆಗಳ ಬಡ ಇತಿಹಾಸದಲ್ಲಿ ಇದು ಸಣ್ಣ ಸಾಧನೆಯಲ್ಲ, ಅದ್ಭುತವೂ ಅಲ್ಲ. ಇನ್ನೊಂದು ಕಡೆ, ಬರೀ ಪ್ರಕೃತಿ ನೋಡಿದವರಲ್ಲಿ ಐವರಲ್ಲಿ ಇಬ್ಬರಿಗೆ ನೋವು ತಗ್ಗಿತಲ್ಲ! ನೋವು ತಾನಾಗಿ ಏರಿಳಿಯುತ್ತದೆ, ಯಾರೋ ವಿಚಾರಿಸುತ್ತಿದ್ದಾರೆ ಎಂಬುದೇ ಅರ್ಧ ಔಷಧ, ಹೊಸ ಯಂತ್ರದ ಮೇಲಿನ ನಂಬಿಕೆಯೂ ಕೆಲಸ ಮಾಡುತ್ತದೆ. ಇವೆಲ್ಲ ಸೇರಿದ ಮೊತ್ತ ಅದು. ಭಾಗವಹಿಸಿದವರು ಬಹುಪಾಲು ಮಹಿಳೆಯರು, ಬಹುಪಾಲು ಬಿಳಿಯರು, ಕಾಲೇಜು ಮೆಟ್ಟಿಲು ಹತ್ತಿದವರು. ಸಂಶೋಧಕರಲ್ಲಿ ಹಲವರಿಗೆ ಕಂಪನಿಯ ಜೊತೆ ನಂಟಿತ್ತು. ಅಡ್ಡಪರಿಣಾಮ ಸೌಮ್ಯ: ಸುಮಾರು ಶೇ 20 ಮಂದಿಗೆ ಹೆಡ್‌ಸೆಟ್ಟಿನ ಕಿರಿಕಿರಿ, ಶೇ 10ರಷ್ಟು ಮಂದಿಗೆ ತಲೆಸುತ್ತು, ವಾಕರಿಕೆ.

ಈಗ ಬಾಣೇರ್‌ನ ಕುರ್ಚಿಗೆ ಮರಳಿ. ಇಂಗ್ಲಿಷಿನ ಪಾಠ ತಿಳಿಯದೆ ಬೆಟ್ಟ ಹೊಳೆ ಮಾತ್ರ ನೋಡಿ ಎದ್ದು ಬಂದ ನಮ್ಮ ಅತ್ತೆ, ದುಡ್ಡು ಕೊಟ್ಟು, ಆ ಪ್ರಯೋಗದ ಎರಡನೆಯ ಗುಂಪಿಗೆ ಸೇರಿಕೊಂಡಿದ್ದರು! ಬೆಲೆ ಪೂರ್ತಿ ಚಿಕಿತ್ಸೆಯದು, ಸಿಕ್ಕಿದ್ದು ಹೋಲಿಕೆಗೆಂದು ಇಟ್ಟ ಚಪ್ಪಟೆ ವಿಡಿಯೊದ ಪಾಲು. ಅದೂ ಒಂದೇ ದಿನ. ಕ್ಲಿನಿಕ್ಕಿನವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅವರು ಯಂತ್ರವನ್ನು ಚಿಕಿತ್ಸೆ ಎಂದು ನಂಬಿದ್ದರು, ಕರೆಂಟ್ ಕೊಡುವ ಯಂತ್ರವನ್ನು ನಂಬಿದ ಹಾಗೆ. ಸೊಂಟಕ್ಕೆ ಎರಡು ಪ್ಯಾಡ್ ಅಂಟಿಸಿದರೆ ರೋಗಿಗೆ ಭಾಷೆ ಬೇಕಿಲ್ಲ. ಇಲ್ಲಿ ಭಾಷೆಯೇ ಮದ್ದು.

ನೋವಿಗೂ ಭಾಷೆಗೂ ಇರುವ ನಂಟು ವೈದ್ಯರಿಗೆ ಹೊಸದೇನಲ್ಲ. ಗೇಟ್ ಸಿದ್ಧಾಂತದ ಅದೇ ಮೆಲ್ಜಾಕ್ 1975ರಲ್ಲಿ ನೋವನ್ನು ಅಳೆಯಲು 78 ಪದಗಳ ಒಂದು ಪಟ್ಟಿ ಮಾಡಿದರು. ರೋಗಿಗಳು ಬಳಸುವ ವಿಶೇಷಣಗಳಲ್ಲೇ ನೋವಿನ ಜಾತಿ ತಿಳಿಯುತ್ತದೆ ಎಂಬುದು ಅವರ ಎಣಿಕೆ. ಕನ್ನಡದಲ್ಲಿ ಆ ಪಟ್ಟಿ ಮಾಡಲು ಕೂತರೆ ಎಷ್ಟು ಸೊಗಸು! ಸೆಳೆತ, ಚಳಕು, ಹಿಡಿತ, ಸಿಡಿತ, ಉರಿ, ಜೋಮು, ಜುಮುಜುಮು, ಕುಟುಕು, ಮಿಡಿತ, ಹಿಂಡು, ಕಡಿತ. ಅತ್ತೆ ತಮ್ಮ ನೋವನ್ನು ‘ಒಳಗೆ ಹಗ್ಗ ಹೊಸೆದ ಹಾಗೆ’ ಎನ್ನುತ್ತಾರೆ. ಪುಣೆಯ ಡಾಕ್ಟರ ಮುಂದೆ ಇದು ಮಗನ ಬಾಯಲ್ಲಿ ಹಿಂದಿಯಾಗಿ ‘ದರ್ದ್ ಹೈ’ ಎಂದಷ್ಟೇ ಆಗಿ, ಡಾಕ್ಟರ ಕಂಪ್ಯೂಟರಿನಲ್ಲಿ ಹತ್ತಕ್ಕೆ ಏಳು ಎಂಬ ಅಂಕಿಯಾಗಿ ಕೂರುತ್ತದೆ. ಹೊಸೆದ ಹಗ್ಗ ಎಲ್ಲೋ ದಾರಿಯಲ್ಲಿ ಬಿದ್ದು ಹೋಗುತ್ತದೆ.

ಪರದೆಯೊಳಗಿನ ದೃಶ್ಯಕ್ಕೆ ಬೆಲೆಯೇ ಇಲ್ಲವೇ ಎಂದರೆ, ಇದೆ. ಮುಖ್ಯವಾಗಿ ಹೆದರಿಕೆಯನ್ನು ಬಿಡಿಸುವುದರಲ್ಲಿ. ಬಗ್ಗಲು ಹೆದರುವವನಿಗೆ ‘ಬಗ್ಗಿ’ ಎಂದರೆ ಬಗ್ಗುವುದಿಲ್ಲ. ತೂರಿ ಬರುವ ಚೆಂಡನ್ನು ತಪ್ಪಿಸಿಕೊಳ್ಳಬೇಕಾದ ಆಟದೊಳಗೆ ಬಿಟ್ಟರೆ ತನಗರಿವಿಲ್ಲದೆ ಬಗ್ಗುತ್ತಾನೆ. ಸೊಂಟನೋವಿನವರಿಗಾಗಿ ಇಂಥ ಆಟಗಳನ್ನು ಕಟ್ಟಿ ಪ್ರಯೋಗಿಸಿದ ಸಂಶೋಧಕರಿದ್ದಾರೆ. ಕಳೆದುಹೋದ ಕೈ ನೋಯುವ ರೋಗಿಗಳ ಕತೆ ಇನ್ನೂ ವಿಚಿತ್ರ. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಡಬ್ಬದೊಳಗೆ ಕನ್ನಡಿ ನಿಲ್ಲಿಸಿ, ಇದ್ದ ಕೈಯ ಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ತೋರಿಸಿದರು. ಬಿಗಿದುಕೊಂಡಿದ್ದ ಇಲ್ಲದ ಮುಷ್ಟಿ ಸಡಿಲವಾಯಿತು ಎಂದು ಕೆಲವು ರೋಗಿಗಳು ಹೇಳಿದರು. 1996ರ ಪ್ರಬಂಧದಲ್ಲಿ ಅವರು ಆ ಡಬ್ಬಕ್ಕೆ ಕೊಟ್ಟ ಹೆಸರೇ ‘ವರ್ಚುವಲ್ ರಿಯಾಲಿಟಿ ಬಾಕ್ಸ್’. ಕರೆಂಟಿಲ್ಲ, ಬ್ಯಾಟರಿಯಿಲ್ಲ. ಇಂದಿನ ಹೆಡ್‌ಸೆಟ್ ಅದೇ ಕನ್ನಡಿಯ ದುಬಾರಿ ಮೊಮ್ಮಗ.

ಪುಣೆಯಲ್ಲಿ ಕುಳಿತು ಸೊಂಟದ ಬಗ್ಗೆ ಬರೆಯುವ ಕನ್ನಡಿಗ ಒಂದು ಹೆಸರನ್ನು ಬಿಟ್ಟು ಮುಂದೆ ಹೋಗಲಾರ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದ ಬಿ. ಕೆ. ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಸ್ವತಃ ರೋಗಿ. 1975ರಲ್ಲಿ ಪತ್ನಿ ರಮಾಮಣಿಯವರ ಹೆಸರಿನಲ್ಲಿ ಇಲ್ಲಿ ಆರಂಭವಾದ ಅವರ ಸಂಸ್ಥೆಯಲ್ಲಿ ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿ, ಕಂಬಳಿ ಎಲ್ಲವೂ ಆಸನದ ಉಪಕರಣಗಳಾದವು. ದೇಹಕ್ಕೆ ‘ಇಷ್ಟು ದೂರ ಹೋದರೆ ಏನೂ ಆಗುವುದಿಲ್ಲ’ ಎಂದು ಮನವರಿಕೆ ಮಾಡಿಕೊಡುವ ಆಸರೆಗಳು ಅವು. ಹೆದರಿದ ಬೆನ್ನಿಗೆ ಹಂತಹಂತವಾಗಿ ಧೈರ್ಯ ಕೊಡುವುದು ಎಂಬ ಅರ್ಥದಲ್ಲಿ ಹೆಡ್‌ಸೆಟ್ಟೂ ಅದೇ ಕುಲದ್ದು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅಯ್ಯಂಗಾರ್ ಪದ್ಧತಿಯನ್ನು 90 ಮಂದಿ ಸೊಂಟನೋವಿನವರ ಮೇಲೆ 24 ವಾರ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನೋವು, ಅಶಕ್ತತೆ, ಖಿನ್ನತೆ ಮೂರೂ ಇಳಿದಿದ್ದವು. ‘ಎಲ್ಲವೂ ನಮ್ಮಲ್ಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಯೋಗಕ್ಕೆ ಗುರು ಬೇಕು, ವಾರಕ್ಕೆರಡು ಸಲ ಹೋಗುವ ಪುರುಸೊತ್ತು ಬೇಕು, ಹಿಂಜವಡಿಯ ಟ್ರಾಫಿಕ್ ದಾಟಿ ಅಷ್ಟು ಹೊತ್ತಿಗೆ ತಲುಪುವ ಭಾಗ್ಯವೂ ಬೇಕು. ವಿಆರ್‌ನ ನಿಜವಾದ ಆಕರ್ಷಣೆ ಇರುವುದು ಅಲ್ಲಿ: ಗುರುವನ್ನು ಮನೆಗೆ ತರುತ್ತೇನೆ ಎನ್ನುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಸರಳ ಮತ್ತು ನಿರಾಶಾದಾಯಕ. ನಮ್ಮ ಆರೋಗ್ಯ ವಿಮೆಗಳು ಬಹುಪಾಲು ಆಸ್ಪತ್ರೆಗೆ ದಾಖಲಾದವರಿಗೆ. ಆಯುಷ್ಮಾನ್ ಭಾರತ, ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆ ಕೂಡ ಮುಖ್ಯವಾಗಿ ಹಾಗೆಯೇ. ಬೆನ್ನಿಗೆ ಸ್ಕ್ರೂ ಹಾಕಿಸಿಕೊಂಡರೆ ಲಕ್ಷಗಟ್ಟಲೆ ಬಿಲ್ಲನ್ನು ಯಾರೋ ಕಟ್ಟುತ್ತಾರೆ. ಸ್ಕ್ರೂ ಬೇಡ ಎಂದು ತಿಳಿಹೇಳುವ ಫಿಸಿಯೋಥೆರಪಿಸ್ಟ್‌ನ ಅರ್ಧ ಗಂಟೆಗೆ ನಿಮ್ಮ ಜೇಬೇ ಗತಿ. ವಿಆರ್ ಕೂಡ ಈ ಎರಡನೆಯ ಸಾಲಿನಲ್ಲೇ ನಿಲ್ಲುತ್ತದೆ. ಅಮೆರಿಕದಲ್ಲೂ ದಾರಿ ಸಲೀಸಾಗಿರಲಿಲ್ಲ. ವೈದ್ಯರ ಚೀಟಿಯ ಮೇಲೆ ಚಿಕಿತ್ಸಾ ಆ್ಯಪ್‌ಗಳನ್ನು ಕೊಡುತ್ತಿದ್ದ ಪಿಯರ್ ಥೆರಪ್ಯೂಟಿಕ್ಸ್ ಎಂಬ ಕಂಪನಿ ಎಫ್‌ಡಿಎ ಒಪ್ಪಿಗೆಗಳಿದ್ದೂ 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಚಿಕಿತ್ಸೆ ಸೋತದ್ದಕ್ಕಿಂತ ದುಡ್ಡು ಕೊಡುವವರು ಸಾಕಷ್ಟು ಸಿಗದದ್ದೇ ದೊಡ್ಡ ಕಾರಣ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ವ್ಯಾಖ್ಯೆಗೆ ಸೇರಿದೆ. ಹಾಗಾಗಿ ಕ್ಲಿನಿಕ್ಕಿನಲ್ಲಿ ‘ಇದಕ್ಕೆ ನೋಂದಣಿ ಇದೆಯೇ, ಯಾವ ರೋಗಕ್ಕೆ?’ ಎಂದು ಕೇಳಲು ನಿಮಗೆ ಹಕ್ಕಿದೆ. ನಾನು ಕೇಳಿದಾಗ ಆ ಹುಡುಗಿ ಮುಗುಳ್ನಕ್ಕು ಒಳಗೆ ಹೋದಳು.

ಇನ್ನು ಯಾರು ಇದರಿಂದ ದೂರವಿರಬೇಕು ಎಂಬುದು. ಫಿಟ್ಸ್ ಇರುವವರು, ಪದೇ ಪದೇ ತಲೆಸುತ್ತು ಬರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕುತ್ತಿಗೆ ನೋವಿನವರು ಹೆಡ್‌ಸೆಟ್ಟಿನ ತೂಕ ಸುಮಾರು ಅರ್ಧ ಕಿಲೋ ಎಂಬುದನ್ನು ನೆನಪಿಡಲಿ. ಅದಕ್ಕಿಂತ ಮುಖ್ಯವಾಗಿ, ಕಾಲಿನಲ್ಲಿ ಶಕ್ತಿ ಕುಗ್ಗಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಸೊಂಟನೋವಿನ ಜೊತೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆಗೆ ಓಡಬೇಕು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಜೀವಂತ ಕಾಯಿಲೆ. ನಾಯಿ ಸುಮ್ಮನೆ ಬೊಗಳುತ್ತಿದೆ ಎಂದು ತೀರ್ಮಾನಿಸುವ ಮೊದಲು ಮನೆಯೊಳಗೆ ಕಳ್ಳನಿಲ್ಲ ಎಂದು ಒಮ್ಮೆ ನೋಡಿಬರಬೇಕಲ್ಲ!

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮೊದಲ ಬಾರಿಗೆ ಮಾರ್ಗಸೂಚಿ ಹೊರಡಿಸಿತು. 2020ರ ಲೆಕ್ಕದಂತೆ ಜಗತ್ತಿನಲ್ಲಿ ಸೊಂಟನೋವಿನವರು ಸುಮಾರು 61.9 ಕೋಟಿ. ಅವರಿಗೆ ಸಂಸ್ಥೆ ಹೇಳುವುದು ನೋವಿನ ಬಗ್ಗೆ ತಿಳಿವಳಿಕೆ, ವ್ಯಾಯಾಮ, ಮನೋಚಿಕಿತ್ಸೆ. ಬೇಡ ಎನ್ನುವುದರಲ್ಲಿ ಸೊಂಟದ ಬೆಲ್ಟ್ ಇದೆ, ಬೆನ್ನು ಎಳೆಯುವ ಟ್ರಾಕ್ಷನ್ ಇದೆ, ಅಫೀಮು ವರ್ಗದ ಮಾತ್ರೆಗಳಿವೆ. ಈ ಸಾಲನ್ನು ಓದಿ ನಾನು ಅತ್ತೆಯ ಕಪಾಟಿನಲ್ಲಿದ್ದ ಮೂರು ಬೆಲ್ಟ್‌ಗಳ ಕಡೆ ನೋಡಿದೆ. ಒಂದರ ಬಿಲ್ಲು ಇನ್ನೂ ಅದಕ್ಕೇ ಅಂಟಿಕೊಂಡಿತ್ತು.

ಕನ್ನಡದಲ್ಲಿ ಇಂಥ ಕಾರ್ಯಕ್ರಮ ಕಟ್ಟಲು ಏನು ಬೇಕು ಎಂದು ಯೋಚಿಸಿದರೆ ತಂತ್ರಜ್ಞಾನ ಅತಿ ಸಣ್ಣ ತೊಡಕು. ಪುಣೆಯಲ್ಲೂ ಬೆಂಗಳೂರಿನಲ್ಲೂ ವಿಆರ್ ದೃಶ್ಯ ಕಟ್ಟಬಲ್ಲ ಹುಡುಗರಿದ್ದಾರೆ, ಅವರಲ್ಲಿ ಎಷ್ಟೋ ಮಂದಿ ಧಾರವಾಡ, ವಿಜಯಪುರ ಕಡೆಯವರೇ. ಕಷ್ಟ ಇರುವುದು ಪಾಠ ಬರೆಯುವುದರಲ್ಲಿ. ಇಂಗ್ಲಿಷಿನ ಪಾಠವನ್ನು ಪದಕ್ಕೆ ಪದ ಇಳಿಸಿದರೆ ಅದು ಸರ್ಕಾರಿ ಸುತ್ತೋಲೆಯಂತೆ ಕೇಳುತ್ತದೆ. ಅಮೆರಿಕದ ರೋಗಿಗೆ ಕಚೇರಿಯ ಕುರ್ಚಿ, ಸಾಮಾನು ತುಂಬುವ ಕಾರಿನ ಡಿಕ್ಕಿ ಉದಾಹರಣೆ. ನಮ್ಮಲ್ಲಿ ಒರಳಿನ ಮುಂದೆ ಕೂರುವುದು, ರೊಟ್ಟಿ ಬಡಿಯುವುದು, ಕೊಡ ಸೊಂಟದ ಮೇಲೆ ಇಡುವುದು, ದೇವರಿಗೆ ಬಗ್ಗಿ ನಮಸ್ಕರಿಸುವುದು. ಅತ್ತೆ ನೋವಿಗಿಂತ ಹೆಚ್ಚು ಕೊರಗುವುದು ಕೊನೆಯದಕ್ಕೆ. ಮೂರು ವರ್ಷದಿಂದ ಅವರು ದೇವರ ಮನೆಯಲ್ಲಿ ನಿಂತೇ ಕೈ ಮುಗಿಯುತ್ತಾರೆ. ಅವರಿಗೆ ವಿಆರ್ ಕಟ್ಟುವುದಾದರೆ ಹಿಮದ ಕಣಿವೆ ಏಕೆ? ಜಮಖಂಡಿಯ ಆ ತಗ್ಗು ಬಾಗಿಲಿನ ಗುಡಿಯೇ ಸಾಕು, ಬಗ್ಗದೆ ಒಳಗೆ ಹೋಗಲಾಗದು.

ಅಲ್ಲಿಯವರೆಗೆ ಕಾಯುವ ಬದಲು ನಾನು ಒಂದು ಸಣ್ಣ ಕೆಲಸ ಮಾಡಿದೆ. ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರಿದ್ದಾರೆ, ಬೆಳಗಾವಿಯವರು, ಕನ್ನಡ ಮರಾಠಿ ಎರಡರಲ್ಲೂ ನಿರರ್ಗಳ. ಅವರು ಅತ್ತೆಯನ್ನು ಮುಕ್ಕಾಲು ಗಂಟೆ ಕೂರಿಸಿಕೊಂಡು ಗ್ಯಾಪ್ ಎಂದರೆ ಏನು, ಯಾವುದು ಅಲ್ಲ ಎಂದು ಕಾಗದದ ಮೇಲೆ ಬರೆದು ತೋರಿಸಿದರು, ದಿನಕ್ಕೆ ಎಷ್ಟು ಬಗ್ಗಬೇಕು ಎಂದು ಗೊತ್ತು ಮಾಡಿಕೊಟ್ಟರು. ಉಸಿರಿನ ಅಭ್ಯಾಸದ ಸೂಚನೆಗಳನ್ನು ನನಗೆ ಬರೆದುಕೊಟ್ಟರು, ನಾನು ಅವನ್ನು ಮೊಬೈಲ್‌ನಲ್ಲಿ ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿದೆ. ಎಂಟು ನಿಮಿಷದ ಧ್ವನಿ, ಚಿತ್ರವಿಲ್ಲ. ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಕಣ್ಣು ತೆರೆದು, ತಿದ್ದುಪಡಿ ಹೇಳಿದರು.

‘ಗಮನ ಹರಿಸಿ ಎಂದೆಯಲ್ಲ, ನನಗೆ ಬ್ಯಾಂಕಿನ ನೋಟಿಸು ನೆನಪಾಯಿತು. ಉಸಿರಿನ ಕಡೆ ನೋಡು ಎನ್ನು. ಮತ್ತೆ ಆ ಹೊರಹಾಕಿ ಎನ್ನುವುದನ್ನು ತೆಗೆ, ಕಸವೇನು ಅದು ಹೊರಹಾಕಲು? ಮೆಲ್ಲಗೆ ಬಿಡು ಎಂದರೆ ಸಾಕು.’

ಎರಡನೆಯ ಸಲ ರೆಕಾರ್ಡ್ ಮಾಡಿದೆವು. ಈ ಸಲ ಅವರ ದನಿಯಲ್ಲಿ.